ನನ್ನ ಹೆಸರು ಅವಳ ತಲೆಯಲ್ಲಿ ಎಲ್ಲಿತ್ತು?

ನನ್ನ ಹೆಂಡತಿ ಹನುಮವ್ವ ಇವತ್ತು ನನ್ನ ಹೆಸರು ಹೇಳಿದಳು. ಅದೂ ರಾಯಚೂರಿನ ಆಸ್ಪತ್ರೆಯಲ್ಲಿ, ನಾಲ್ಕು ಜನರ ಮುಂದೆ, ಒಂದು ಅಕ್ಷರವೂ ತೊದಲದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಹಿಂದಿನ ಕತೆ ಆಮೇಲೆ. ದೇವದುರ್ಗಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿದೆ. ಅವರು, "ಹೆಂಡ್ತಿ ಗಂಡನ ಹೆಸರು ಹೇಳಿದ್ರ ಅದೇನು ದೊಡ್ಡ ಸುದ್ದೀರಿ?" ಎಂದು ಕಿಟಕಿಯ ಕಡೆ ತಿರುಗಿದರು. ನಿಮಗೂ ಹಾಗೇ ಅನ್ನಿಸಿರಬಹುದು. ಅದಕ್ಕೇ ಬರೆಯಲು ಕೂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು ನಾನು. ತಪ್ಪಿದ್ದನ್ನು ಮೊಮ್ಮಗಳು ರೇಣುಕಾ ತಿದ್ದುತ್ತಾಳೆ.

ಎಂಟು ತಿಂಗಳ ಹಿಂದೆ ಹನುಮವ್ವ ಅಂಗಳದಲ್ಲಿ ಕೂತಲ್ಲೇ ಒಂದು ಕಡೆ ವಾಲಿದಳು. ಲಕ್ವ ಹೊಡೆದಿತ್ತು. ಬಲಗೈ ಮೂರು ತಿಂಗಳಿಗೆ ಮೇಲೆದ್ದಿತು, ಮಾತು ಏಳಲಿಲ್ಲ. ಎಲ್ಲಕ್ಕೂ "ಅದು" ಎನ್ನುವ ಒಂದೇ ಶಬ್ದ. "ಅದು, ಅದು" ಎಂದು ಕೈ ತೋರಿಸಿದರೆ ನಾನು ನೀರಿನ ಚೊಂಬು ತರುತ್ತಿದ್ದೆ. ಆಕೆಗೆ ಬೇಕಾಗಿದ್ದದ್ದು ಬಾಚಣಿಗೆ. ಬಾಚಣಿಗೆ ಹುಡುಕಿ ತರುವಷ್ಟರಲ್ಲಿ ಆಕೆಗೆ ನಿಜವಾಗಿಯೂ ನೀರಡಿಕೆಯಾಗಿರುತ್ತಿತ್ತು.

"ಯಜಮಾನ್ರೇ, ಮಾತು ಇದ್ದ ಜಾಗಕ್ಕ ಪೆಟ್ಟು ಬಿದ್ದದ," ಎಂದಿದ್ದರು ಡಾಕ್ಟರು. "ಆದ್ರ ಮೆದುಳು ಕೊನೀತನಕ ಕಲೀತದ, ಬದಲಾಗ್ತದ. ಪಕ್ಕದ ಜಾಗ ಆ ಕೆಲಸಾ ಕಲ್ತುಕೊಳ್ಳಬಹುದು. ದಿನಾ ಮಾತಾಡಿಸ್ರಿ." ನಾನು ತಲೆ ಆಡಿಸಿದೆ. ಆದರೆ ತಲೆಗೆ ಏನೂ ಹೋಗಲಿಲ್ಲ. ಅರವತ್ತು ದಾಟಿದ ಮೇಲೆ ಕೂದಲೇ ಬೆಳೆಯುವುದಿಲ್ಲ, ಮೆದುಳು ಬೆಳೆಯುತ್ತದೆಯೇ? ಹಾಗೆ ಬೆಳೆಯುವುದಾದರೆ, "ಇವನ ತಲಿ ಗಟ್ಟಿ ಅದ, ಕುರಿ ಕಾಯಾಕ ಹಚ್ಚು" ಎಂದು ನಮ್ಮಪ್ಪನಿಗೆ ಹೇಳಿದ ಮಾಸ್ತರರಿಗೆ ಅಷ್ಟು ಅವಸರ ಏನಿತ್ತು?

ಆಮೇಲೊಂದು ದಿನ ಹಳೆಯ ಹಿಂಡು ನೆನಪಾಯಿತು. ನಮ್ಮ ಕುರಿಗಳು ಹೋಗುವ ಹಾದಿಗೆ ಅಡ್ಡವಾಗಿ ಕಾಲುವೆ ತೋಡಿದ್ದರು. ಮುಂದಿನ ಟಗರು ಮೂರು ದಿನ ಅದೇ ದಂಡೆಗೆ ಬಂದು ನಿಂತು ಒದರಿತು. ನಾಲ್ಕನೆಯ ದಿನ ತಾನೇ ದೂರ ಸುತ್ತು ಹಾಕಿ ಸಣ್ಣ ಸೇತುವೆಯೊಂದನ್ನು ಹುಡುಕಿತು. ಉಳಿದ ಕುರಿಗಳು ಹಿಂದೆ ತುಳಿದು ತುಳಿದು, ದೀಪಾವಳಿಯ ಹೊತ್ತಿಗೆ ಅಲ್ಲೊಂದು ಹೊಸ ಹಾದಿ ಬಿದ್ದಿತ್ತು. ಡಾಕ್ಟರು ಹೇಳಿದ್ದು ಇದನ್ನೇ ಇರಬೇಕು. ಆದರೆ ಹನುಮವ್ವನ ತಲೆಯೊಳಗೆ ಆ ಟಗರು ಯಾವುದು, ಸೇತುವೆ ಎಲ್ಲಿದೆ, ಇದನ್ನೆಲ್ಲ ಯಾರನ್ನು ಕೇಳುವುದು?

ವಾರಕ್ಕೊಮ್ಮೆ ಮಾತು ಕಲಿಸುವ ಮೇಡಂ ಹತ್ತಿರ ಹೋಗುತ್ತಿದ್ದೆವು. ಚಿತ್ರ ತೋರಿಸಿದರೆ ಆಕಳು, ಕೊಡ, ಕೊಡೆ ನಿಧಾನಕ್ಕೆ ಬಂದವು. ಮಗ ಬಸವರಾಜನ ಹೆಸರು ಬಂತು, ರೇಣುಕಾಳ ಹೆಸರೂ ಬಂತು. ಅಲ್ಲಿಗೆ ನಿಂತಿತು. ಮೇಡಂ ಪ್ರತಿ ಸಲ ನನ್ನ ಕಡೆ ಬೆರಳು ಮಾಡಿ, "ಇವರ ಹೆಸರೇನಮ್ಮಾ?" ಎನ್ನುವರು. ಹನುಮವ್ವ ಸೆರಗು ಎಳೆದುಕೊಂಡು ತಲೆ ಬಗ್ಗಿಸುವಳು. ಮೇಡಂ ಹಾಳೆಯ ಮೇಲೆ "ಇಲ್ಲ" ಎಂದು ಬರೆಯುವರು. ಅದನ್ನು ಓದುವಷ್ಟು ಅಕ್ಷರ ನನಗೆ ಬರುತ್ತದೆ, ಅದೇ ತೊಂದರೆ. ಏಳು ವಾರ ಏಳು "ಇಲ್ಲ" ಓದಿದೆ. ಎಲ್ಲರೂ ನೆನಪಿದ್ದಾರೆ, ನಾನೊಬ್ಬನೇ ಇಲ್ಲವೇ? ಕಳೆದ ವಾರ ಮೇಡಂ ಮೆಲ್ಲಗೆ ಹೇಳಿದರು: "ಮುಂದಿನ ವಾರನೂ ಇಷ್ಟೇ ಇದ್ರ, ವಾರಾ ವಾರಾ ಬರೋದು ಬ್ಯಾಡ್ರಿ. ಮೂರು ತಿಂಗಳಿಗೊಮ್ಮೆ ಸಾಕು." ಇನ್ನು ಮುಂದೆ ಇಷ್ಟೇ ಎನ್ನುವುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು.

ಇವತ್ತು ಶಾಲೆಗೆ ರಜೆಯೆಂದು ರೇಣುಕಾ ಜೊತೆಗೆ ಬಂದಿದ್ದಳು. ಮೇಡಂ ಕೇಳಿದರು, ಹನುಮವ್ವ ತಲೆ ಬಗ್ಗಿಸಿದಳು, ಮೇಡಂ ಪೆನ್ನು ಎತ್ತಿದರು.

"ಮೇಡಂ, ನಿಲ್ರಿ ನಿಲ್ರಿ!" ಎಂದಳು ರೇಣುಕಾ. "ನಮ್ಮಜ್ಜಿ ಯಾವತ್ತರ ತಾತನ ಹೆಸರು ಹೇಳ್ಯಾಳೇನ್ರಿ? ಗಂಡನ ಹೆಸರು ಬಾಯಾಗ ತರೂದಿಲ್ರಿ ಆಕಿ!"

ನನಗೆ ಕೂತ ಕುರ್ಚಿಯೇ ಸಣ್ಣದಾದಂತಾಯಿತು. ನಲವತ್ತನಾಲ್ಕು ವರ್ಷದಿಂದ ನಾನು ಆಕೆಗೆ ಬರೀ "ಏನ್ರೀ". ಎಂದೂ ಹೇಳದ ಹೆಸರನ್ನು ಈಗ ಹೇಳಲಿಲ್ಲವೆಂದು ಏಳು ವಾರ ಮರೆಯಲ್ಲಿ ಅತ್ತ ಜಾಣ ನಾನು.

ರೇಣುಕಾ ಹೋದ ತಿಂಗಳು ಮಾನ್ವಿಯಲ್ಲಿ ಒಂದು ಮದುವೆಗೆ ಹೋಗಿದ್ದಳು. ಅಲ್ಲಿ ಮದುಮಗಳನ್ನು ಬಾಗಿಲಲ್ಲಿ ತಡೆದು ಒಡಪು ಹೇಳಿಸಿದ್ದನ್ನು ನೋಡಿದ್ದಳು. ನಮ್ಮಲ್ಲಿ ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರುವುದು ಆ ಪುಟ್ಟ ಪದ್ಯದಲ್ಲಿ ಮಾತ್ರ. ಹುಡುಗಿ ಎದ್ದು ಹೋಗಿ ಆಸ್ಪತ್ರೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

"ಅಜ್ಜೀ, ನಿನ್ನ ಮದುವ್ಯಾಗಿನ ಒಡಪು ಹೇಳಬೇ. ಹೇಳಲಿಲ್ಲಂದ್ರ ಮನಿಗಿ ಬಿಡೂದಿಲ್ಲ ನೋಡು!"

ಹನುಮವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ, ಯಾರೋ ಒಳಗಿಂದ ನೂಕಿದ ಹಾಗೆ, ಒಂದೇ ಉಸಿರಿಗೆ ಬಂತು:

"ಹೊಳಿ ದಂಡ್ಯಾಗ ಕುರಿಗಳ ಹಿಂಡ,
ನೀವು ಕೇಳೀರಂತ ಹೇಳ್ತೀನಿ, ಅಮರಪ್ಪ ನನ್ನ ಗಂಡ."

"ಇನ್ನೊಮ್ಮೆ ಹೇಳ್ರಿ!" ಎಂದರು ಮೇಡಂ. ಹನುಮವ್ವ ಜೋರಾಗಿ ತಲೆ ಅಲ್ಲಾಡಿಸಿದಳು. ಒಂದು ಬಾಗಿಲಿಗೆ ಒಂದೇ ಸಲ.

ಪದ್ಯ, ರಾಗ ಇವೆಲ್ಲ ತಲೆಯಲ್ಲಿ ದಿನದ ಮಾತಿಗಿಂತ ಬೇರೆ ಕಡೆಯೂ ಇರುತ್ತವಂತೆ, ಒಮ್ಮೊಮ್ಮೆ ಪೆಟ್ಟು ತಪ್ಪಿಸಿಕೊಳ್ಳುತ್ತವಂತೆ. ಮೇಡಂ ವಿವರಿಸಿದರು. "ಆದ್ರ ಇದು ಹಳೇ ಬಾಯಿಪಾಠ ರೀ. ಈ ಹಾದಿ ಹಿಡಿದು ಹೊಸ ಮಾತು ಬರಬೇಕು. ವಾರಾ ವಾರಾ ಬರ್ರಿ, ಬಿಡಬ್ಯಾಡ್ರಿ."

ಕುಣಿಯಬೇಕು ಅನ್ನಿಸಿತು, ಜೊತೆಗೆ ಗೊಂದಲವೂ ಹೆಚ್ಚಿತು. ಇಷ್ಟು ದಿನ ನನ್ನ ಹೆಸರು ಅವಳ ತಲೆಯ ಯಾವ ಮೂಲೆಯಲ್ಲಿ ಸುಮ್ಮನೆ ಕೂತಿತ್ತು? ಆಕೆಗೆ ನೆನಪಾದದ್ದು ನಾನೋ, ಬರೀ ಪ್ರಾಸವೋ? ಕುರಿ ಹಿಂಡಿನ ಬೆನ್ನು ಹತ್ತಿ ಬಂದ ಗಂಡನೋ? ನನ್ನ ವಿಷಯವೂ ಒಂದು ನನಗೆ ಅರ್ಥವಾಗುತ್ತಿಲ್ಲ. ಅವಳ "ಅದು"ಗಳಲ್ಲಿ ನೀರಿನ "ಅದು" ಯಾವುದು, ಬಾಚಣಿಗೆಯ "ಅದು" ಯಾವುದು ಎಂದು ಈಚೆಗೆ ದನಿಯಲ್ಲೇ ಗೊತ್ತಾಗುತ್ತದೆ. ಹಾಗಾದರೆ ಈ ಎಂಟು ತಿಂಗಳಲ್ಲಿ ಬೆಳೆದದ್ದು ಅವಳ ಮೆದುಳೋ, ಮಾಸ್ತರರು ಗಟ್ಟಿ ಎಂದ ನನ್ನದೋ?

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಸೊಸೆ ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ರೇಣುಕಾ ಶುರು ಮಾಡಿದಳು: "ಅಜ್ಜೀ, ಇನ್ನೊಂದ್ಸಲ ಹೇಳಬೇ!" ಬಸವರಾಜ, "ಹೇಳು ಯವ್ವಾ, ನಾ ಕೇಳೇ ಇಲ್ಲ" ಎಂದ. ಬಾಯಲ್ಲಿ ತುತ್ತು ಇಟ್ಟುಕೊಂಡೇ ನಾನೂ, "ಹೇಳು, ಹೇಳು" ಎಂದೆ.

ಹನುಮವ್ವ ನನ್ನನ್ನೇ ನೋಡಿದಳು. ತುಟಿಗಳು ಏನನ್ನೋ ಹುಡುಕಿದವು. ಯಾರೂ ನಡುವೆ ಮಾತು ಎತ್ತಿ ಕೊಡಲಿಲ್ಲ, ಮೇಡಂ ಹಾಗೇ ಹೇಳಿದ್ದರು.

"ಮುದುಕ್ರಾಗಿ... ನಾಚಿಕಿ... ಇಲ್ಲ," ಎಂದಳು. ಇನ್ನಷ್ಟು ಹುಡುಕಿದಳು. "ಸುಮ್ಮನ... ಉಣ್ರಿ."

ಇದು ಯಾವ ಮದುವೆಯಲ್ಲೂ ಬಾಯಿಪಾಠ ಮಾಡಿಸಿದ್ದಲ್ಲ. ಆಗಷ್ಟೇ, ನನಗೆಂದೇ, ತುಂಡು ತುಂಡು ಕೂಡಿಸಿ ಕಟ್ಟಿದ್ದು. ಸೊಸೆಯ ಕೈ ರೊಟ್ಟಿ ಬುಟ್ಟಿಯ ಮೇಲೆ ನಿಂತಿತು. ಬಸವರಾಜ ಕಣ್ಣು ಒರೆಸಿಕೊಂಡು, ಪಲ್ಯ ಖಾರ ಆಗಿದೆ ಎಂದು ಸುಳ್ಳು ಹೇಳಿದ.

ನಾವೆಲ್ಲ ಸುಮ್ಮನೆ ಉಂಡೆವು. ಆಕೆಯೊಬ್ಬಳೇ ಮಾತಾಡಿದಳು.