ಕಪ್ಪು ಚಮಚದ ನಾಲ್ಕನೆಯ ಮುದ್ರೆ

ಮೊನ್ನೆ ಸೊಸೆ ದೇವರ ದೀಪಗಳಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆದೋನಿಯ ಸರಾಫ ಅಂಗಡಿಯವರು, ಊರಿಗೆಲ್ಲ ಮಾಮ, ಕಣ್ಣಮುಂದೆ ಬಂದು ನಿಂತರು. "ಸಾಕು, ಬಿಡು" ಎಂದು ಸೊಸೆಯನ್ನು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು...

ನಮ್ಮಪ್ಪ ದೊರೆಯೊಬ್ಬನ ಬಂಗಲೆಯಲ್ಲಿ ಅಡುಗೆಗಿದ್ದ. ದೊರೆ ದೇಶ ಬಿಡುವಾಗ ಒಂದೇ ಪೆಟ್ಟಿಗೆಯ ಆರು ಬೆಳ್ಳಿ ಚಮಚ ಕೊಟ್ಟುಹೋದ. ಅವುಗಳಲ್ಲಿ ಒಂದು, ಮೊಟ್ಟೆ ತಾಗಿ ತಾಗಿ ಕರ್ರಗಾಗಿತ್ತು. ಮೊಟ್ಟೆಯ ಚಮಚ ಮನೆಯೊಳಗೆ ಬೇಡವೆಂದ ಅವ್ವ ಅದನ್ನು ತಿಪ್ಪೆಗೆಸೆದೆ ಅಂದಳು. ಅವ್ವ ತೀರಿದ ಮೇಲೆ ಮಿಕ್ಕ ಐದನ್ನು ಶುಕ್ರವಾರಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಾಕಿ ನಾನೇ ತಿಕ್ಕುತ್ತಿದ್ದೆ. ಫಳಫಳ ಹೊಳೆಯಬೇಕೆಂಬ ಹುಚ್ಚು ನನಗೆ.

ದೊರೆ ಹೋದ ಮೇಲೆ ಅಪ್ಪ ಹತ್ತಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಕೆಲಸಕ್ಕೆ ಸೇರಿದ. ಕೆಲವು ವರ್ಷಕ್ಕೆ ಅಲ್ಲಿ ಬೆಳ್ಳಿ ಚಮಚಗಳು ಕಳುವಾದವು. ಪೊಲೀಸರು ನೇರ ನಮ್ಮ ಮನೆಗೇ ಬಂದರು. ಕಳ್ಳರ ಕೈಗೆ ಸಿಗದೆ ಉಳಿದಿದ್ದ ವ್ಯಾಪಾರಿಯ ಒಂದು ಚಮಚವನ್ನು ನಮ್ಮ ಐದರ ಪಕ್ಕ ಇಟ್ಟು, ಮಾಮನನ್ನು ಕರೆಸಿದರು. ವಿಲಾಯತಿ ಬೆಳ್ಳಿಯ ಮುದ್ರೆ ಓದಬಲ್ಲವರು ಊರಿಗೆ ಅವರೊಬ್ಬರೇ. ನಾನು ಬಾಗಿಲಲ್ಲಿ ನಿಂತಿದ್ದೆ.

ಮಾಮ ಭೂತಗನ್ನಡಿ ಹಿಡಿದು ಒಂದೊಂದರ ಬೆನ್ನು ನೋಡಿದರು. "ಸಿಂಹ ಐತ್ರಿ, ಬೆಳ್ಳಿ ಅಸಲಿ. ಲಂಗರು ಐತಿ, ಬರ್ಮಿಂಗ್‌ಹ್ಯಾಮ್ ಊರಿಂದು. ಈ ಅಕ್ಷರ ಇಸವಿದು. ಮೂರೂ ವ್ಯಾಪಾರಿ ಚಮಚಕ್ಕ ಕೂಡತಾವ. ನಾಲ್ಕನೇದು ಮಾಡಿದವನ ಮುದ್ರಿ, ತೆಳ್ಳಗ ಒತ್ತಿರತಾರ... ಈ ಐದರಾಗ ಅದು ಸವದು ಹೋಗೇತ್ರಿ."

"ಅಂಟೇ ಒಕ್ಕಟೇ ಸೆಟ್ಟು ಕದಾ?" ಒಂದೇ ಸೆಟ್ಟು ತಾನೇ ಎಂದು ಇನ್‌ಸ್ಪೆಕ್ಟರ್ ತೆಲುಗಿನಲ್ಲಿ ಕೇಳಿದ.

ಮಾಮ ಗಾಜು ಒರೆಸಿದರು. "ಇರಬೌದ್ರಿ," ಎಂದರು.

ಆ ಒಂದು ಮಾತಿಗೆ ಅಪ್ಪನನ್ನು ಕರೆದೊಯ್ದರು. ಅಪ್ಪ ಜೈಲಿನಲ್ಲೇ ಸತ್ತ. ಹೆಣ ನೋಡಿದಾಗ ಗುರುತೇ ಹತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ ದನದ ಕೊಟ್ಟಿಗೆಯ ಚಪ್ಪರ ಕೀಳಿಸಿದೆ. ತೊಲೆಯ ಸಂದಿಯಿಂದ ಬಟ್ಟೆಯ ಗಂಟೊಂದು ಬಿತ್ತು. ಒಳಗೆ ಆರನೆಯ ಚಮಚ! ಬೆಳ್ಳಿ ಲಕ್ಷ್ಮಿ, ಎಸೆಯಲು ಅವ್ವನಿಗೆ ಮನಸ್ಸು ಬಂದಿರಲಿಲ್ಲ. ಒಳಗೆ ತರಲೂ ಆಗಿರಲಿಲ್ಲ.

ಮಾಮನ ಅಂಗಡಿಗೆ ಓಡಿದೆ. ಅವರು ಧೋತರದ ಅಂಚಿನಿಂದ ಮೆಲ್ಲಗೆ ಒರೆಸಿದರು. ನಾಲ್ಕೂ ಮುದ್ರೆ ನಿಚ್ಚಳವಾಗಿದ್ದವು. ನಾಲ್ಕನೆಯದು ವ್ಯಾಪಾರಿಯ ಚಮಚದ್ದಲ್ಲ, ಬೇರೆ ಅಕ್ಷರ.

"ನಿಮ್ಮಪ್ಪನವು ಬ್ಯಾರೇನಽ ಅದಾವ ತಂಗಿ. ಆ ಊರಾಗ ಆ ವರ್ಷ ಎಷ್ಟು ಮಂದಿ ಚಮಚ ಮಾಡಿರತಾರ... ಅವತ್ತು ಈ ಮಾತು ಹೇಳಬೇಕಿತ್ತು. ಸಾಹೇಬ್ರ ಮುಂದ ಬಾಯಿ ಬರಲಿಲ್ಲ."

ಅಂದೇ ಆ ಚಮಚ ಹಿಡಿದು ಠಾಣೆಗೆ ಹೋದರು. ಸತ್ತವನ ಕೇಸು ಮುಗಿಯಿತು ಎಂದು ಕಳಿಸಿಬಿಟ್ಟರಂತೆ. ಆಮೇಲೆ ಮಾಮ ಭೂತಗನ್ನಡಿ ಮುಟ್ಟಲಿಲ್ಲ. ಎದುರಾದಾಗಲೆಲ್ಲ ತಲೆ ತಗ್ಗಿಸುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ. ಅವರು ತೀರಿಕೊಂಡಾಗ ನಾನು ಮಣ್ಣಿಗೂ ಹೋಗಲಿಲ್ಲ.

ಅಂದು ಚಮಚ ಹಿಂದಿರುಗಿಸುವಾಗ ಅವರು ಕೇಳಿದ್ದರು: "ಆ ಐದರ ಮುದ್ರಿ ಹೆಂಗ ಸವದವು?"

"ದೊರಿ ಮನ್ಯಾಗಽ ಸವದಿದ್ವು" ಅಂದಿದ್ದೆ.

ಕಪ್ಪು ಚಮಚ ಈಗಲೂ ನನ್ನ ಟ್ರಂಕಿನಲ್ಲಿದೆ. ಸೊಸೆಗೆ ಮುಟ್ಟಗೊಡುವುದಿಲ್ಲ. ಮಾಮ ಎಲ್ಲ ತಪ್ಪನ್ನೂ ತಮ್ಮ ಮೇಲೇ ಹೊತ್ತುಕೊಂಡು ಸತ್ತರು. ತಿಕ್ಕಿ ಅಳಿಸಿದವಳು ನಾನು ಎಂದು ಅವರಿಗೆ ಹೇಳಲೇ ಇಲ್ಲ.