ಕೆಂಪು ವಲಯದೊಳಗಿನ ಕಬರಸ್ತಾನ

2023ರ ಜೂನ್ ತಿಂಗಳಲ್ಲಿ ನಾನು ಜೋಯಿಡಾ ತಾಲ್ಲೂಕಿನ ಒಂದು ಸಣ್ಣ ಪೊಲೀಸ್ ಠಾಣೆಯಲ್ಲಿ ಸಬ್-ಇನ್ಸ್‌ಪೆಕ್ಟರ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ಹುಟ್ಟಿದ್ದು ಮುಂಡಗೋಡದಲ್ಲಿ, ಕಾನ್‌ಸ್ಟೇಬಲ್ ಆಗಿ ಸೇರಿದ್ದು ಹಳಿಯಾಳದಲ್ಲಿ. ಹೀಗಾಗಿ ಈ ಸೀಮೆಯ ಜಗಳ, ಕಳವು, ಅಪಘಾತಗಳೆಲ್ಲ ನನಗೆ ಹೊಸತಲ್ಲ. ಡ್ರೋನ್ ಪ್ರಕರಣ ಮಾತ್ರ ಹೊಸತು.

ಆ ವರ್ಷ ಮುಂಗಾರು ತಡವಾಗಿ, ಸೂಪಾ ಜಲಾಶಯದ ನೀರು ಬಹಳ ಕೆಳಗಿಳಿದಿತ್ತು. ವರ್ಷಗಟ್ಟಲೆ ಕಾಣದಿದ್ದ ಇಳಿಜಾರುಗಳು ಬಿರಿದ ಕೆಸರಿನೊಂದಿಗೆ ಮೇಲೆದ್ದಿದ್ದವು. ಒಂದು ದಿನ ಮಧ್ಯಾಹ್ನ ಅಣೆಕಟ್ಟಿನ ಕಾವಲಿನವರು ಫೋನ್ ಮಾಡಿದರು. ನೀರಿನ ಮೇಲೆ ಡ್ರೋನ್ ಹಾರುತ್ತಿತ್ತು, ಕೂಗಿ ಕೆಳಗಿಳಿಸಿದ್ದೇವೆ, ಹಾರಿಸಿದವನನ್ನು ಕೂರಿಸಿಕೊಂಡಿದ್ದೇವೆ ಎಂದರು.

ಡ್ರೋನ್ ನಿಯಮದಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿದ್ದಾರೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಯಾರೂ ಹಾರಿಸುವಂತಿಲ್ಲ. ನಮಗೆ ಕೊಟ್ಟಿದ್ದ ನಕ್ಷೆಯಲ್ಲಿ ಆ ದಂಡೆಯೂ ಕೆಂಪಿನೊಳಗೆ ಬರುತ್ತಿತ್ತು. ಇದು ಬರೀ ಕಾಗದದ ನಿಯಮವಲ್ಲ. ಅಣೆಕಟ್ಟಿನ ಗೇಟು ಎಲ್ಲಿದೆ, ಕಾವಲು ಯಾವ ಕಡೆ ತೆಳ್ಳಗಿದೆ, ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಮೇಲಿನಿಂದ ಒಂದೇ ನೋಟಕ್ಕೆ ಸಿಗುತ್ತದೆ. ಅಣೆಕಟ್ಟಿನ ಕೆಳಗೆ ಕಾಳಿ ನದಿಯುದ್ದಕ್ಕೂ ಜನ ವಾಸವಿದ್ದಾರೆ. ಆ ನಿಯಮ ಸರಿ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಸಿಕ್ಕವನ ಹೆಸರು ಇಮ್ತಿಯಾಜ್. ದಾಂಡೇಲಿಯವನು, ಮದುವೆ ವಿಡಿಯೊ ತೆಗೆಯುವ ಕೆಲಸ. ವಯಸ್ಸು ನಲವತ್ತರ ಹತ್ತಿರ. ಕಾವಲಿನವರು ಎರಡು ಸಲ ಕೇಳಿದರೂ ಯಾಕೆ ಹಾರಿಸಿದೆ ಎಂದು ಹೇಳಿರಲಿಲ್ಲ. ನನ್ನನ್ನು ಕಂಡ ಕೂಡಲೇ ಅವನು ಕೇಳಿದ್ದು ತನ್ನ ಬಗ್ಗೆ ಅಲ್ಲ.

"ಮೇಡಮ್ಮರ, ವ್ಯಾನಿನ್ಯಾಗ ನಮ್ಮ ಅಮ್ಮಿ ಅದಾರ. ಬಿಸಿಲಿಗೆ ಕುಂತಾರ. ಅವ್ರಿಗೆ ಆರಾಮಿಲ್ಲ. ಮೊದಲ ಅವ್ರನ್ನ ನೆರಳಿಗೆ ಕರಕೊಂಡು ಬರ್ತೇನ್ರಿ."

ನಾನೇ ಹೋಗಿ ನೋಡಿದೆ. ರಸ್ತೆ ಬದಿಯ ಮಾರುತಿ ವ್ಯಾನಿನ ಹಿಂದಿನ ಸೀಟಿನಲ್ಲಿ ಮೆಹಬೂಬಿ ಎಂಬ ಮುದುಕಿ ಕುಳಿತಿದ್ದರು. ಕಾಲೆರಡೂ ಬಾತುಕೊಂಡಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿತ್ತಂತೆ. ಮಗನ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಡ್ರೋನ್ ಕ್ಯಾಮೆರಾ ಕಂಡದ್ದು ಅದರಲ್ಲೇ ಮೂಡುತ್ತಿತ್ತು. ಈಗ ಪರದೆ ಕಪ್ಪಾಗಿತ್ತು.

"ಬಾಯಾರ, ನನ್ನ ಮಗಂದೇನೂ ತಪ್ಪಿಲ್ರಿ," ಎಂದರು. "ನಾನ ಹಟ ಮಾಡೇನಿ. ನಮ್ಮ ಶಮೀಮ್ ಇಲ್ಲೇ ಅದಾಳ್ರಿ."

ಇಬ್ಬರನ್ನೂ ಠಾಣೆಗೆ ಕರೆತಂದೆ. ಚಹಾ ತರಿಸಿದೆ. ಮೆಹಬೂಬಿ ಕುಡಿಯಲಿಲ್ಲ, ನೀರು ಅಳೆದು ಕುಡಿಯಬೇಕಾದ ಕಾಯಿಲೆ ಅದು. ಮಾತು ಮಾತ್ರ ಒಂದೇ ಸಮನೆ ಆಡಿದರು.

ಅವರ ಗಂಡನ ಮನೆ ಮುಳುಗಡೆಯಾದ ಒಂದು ಕೇರಿಯಲ್ಲಿತ್ತು. ಮೊದಲ ಮಗು ಶಮೀಮ್ ನಾಲ್ಕನೇ ವರ್ಷಕ್ಕೆ ಜ್ವರದಿಂದ ತೀರಿಕೊಂಡಿತು. ಬಾವಿಯ ಆಚೆ, ಇಳಿಜಾರಿನ ಕಬರಸ್ತಾನದಲ್ಲಿ ಮಣ್ಣು ಮಾಡಿದರು. ತಲೆದೆಸೆಗೊಂದು, ಕಾಲ್ದೆಸೆಗೊಂದು ನದಿಯ ಕಲ್ಲು ತಂದು ನಿಲ್ಲಿಸಿದರು. ಮುಂದೆ ಅಣೆಕಟ್ಟು ಎದ್ದಿತು. ಊರು ಖಾಲಿ ಮಾಡುವ ಹೊತ್ತಿಗೆ ಮೆಹಬೂಬಿ ತುಂಬು ಬಸುರಿ. ಹೆರಿಗೆ ಕಷ್ಟವಾಗಿ ಹಳಿಯಾಳದ ಆಸ್ಪತ್ರೆ ಸೇರಿದರು. ಇಮ್ತಿಯಾಜ್ ಹುಟ್ಟಿದ್ದು ಅಲ್ಲಿ. ಬಾಣಂತನ ಮುಗಿಸಿ, ಮಗಳನ್ನು ಒಮ್ಮೆ ನೋಡಿ ಬರುತ್ತೇನೆಂದು ಹೊರಟಾಗ ಗಂಡ ತಡೆದರಂತೆ.

"ಎಲ್ಲಿಗೆ ಹೋಗ್ತಿ, ನೀರು ಬಂದೈತಿ ಅಂದ್ರು. ಅಷ್ಟ ಅಂದ್ರು, ಬಾಯಾರ. ಆಮ್ಯಾಲೆ ನಮ್ಮ ಮನ್ಯಾಗ ಅಕಿನ ಹೆಸರು ಯಾರೂ ತಗೀಲಿಲ್ಲ."

ಶಬ್-ಎ-ಬರಾತ್ ಹಬ್ಬದ ರಾತ್ರಿ ಮನೆಯ ಗಂಡಸರು ದಾಂಡೇಲಿಯ ಕಬರಸ್ತಾನಕ್ಕೆ ಹೋಗಿ ತಮ್ಮವರಿಗಾಗಿ ಪ್ರಾರ್ಥಿಸಿ ಬರುತ್ತಿದ್ದರು. ಮೆಹಬೂಬಿಯ ಮಗಳ ಹತ್ತಿರ ಹೋಗಲು ದಾರಿಯೇ ಇರಲಿಲ್ಲ. ಆ ಬೇಸಿಗೆಯಲ್ಲಿ, ನೀರು ತಳ ಕಂಡಿದೆ, ಹಳೇ ಕೇರಿ ಮೇಲೆದ್ದಿದೆ ಎಂದು ಯಾರೋ ಹೇಳಿದಾಗಿನಿಂದ ಅವರು ನಿದ್ದೆ ಮಾಡಿರಲಿಲ್ಲ. ದಂಡೆಗೆ ಇಳಿಯುವ ದಾರಿ ಕಾಡಿನ ಕಡಿದಾದ ಇಳಿಜಾರು, ಅದರಾಚೆ ಕಾಲಿಟ್ಟರೆ ಹುಗಿಯುವ ಹೂಳು. ಅವರನ್ನು ಹೊತ್ತೊಯ್ಯುವುದೂ ಸಾಧ್ಯವಿರಲಿಲ್ಲ. ಮಗನ ಬಳಿ ಇದ್ದದ್ದು ಡ್ರೋನ್ ಒಂದೇ.

ತನಿಖೆಯ ಭಾಗವಾಗಿ ಆ ವಿಡಿಯೊ ನೋಡಲೇಬೇಕಿತ್ತು. ನೋಡಿದೆ. ನೀರು, ಕೆಸರು, ಮನೆಗಳ ಅಡಿಪಾಯ, ಒಂದು ಮುರಿದ ಕಟ್ಟೆ, ಅರ್ಧ ಹೂತ ಬಾವಿಯ ದುಂಡು. ಅಣೆಕಟ್ಟಿನ ಕಡೆಗೆ ಕ್ಯಾಮೆರಾ ಒಮ್ಮೆಯೂ ತಿರುಗಿರಲಿಲ್ಲ. ಬಾವಿಯ ಮೇಲೆ ಬಂದು, ಇನ್ನೇನು ಆಚೆಯ ಇಳಿಜಾರು ಕಾಣಬೇಕು ಅನ್ನುವಾಗ ಚಿತ್ರ ಗರ್ರನೆ ತಿರುಗಿ ವಾಪಸ್ ಬರುತ್ತಿತ್ತು. ಕಾವಲಿನವರು ಕೂಗಿದ್ದು ಆ ಹೊತ್ತಿಗೆ.

"ಒಂದೀಟು ಮುಂದ ಹೋಗಿದ್ರ ಕಾಣ್ತಿತ್ರಿ," ಎಂದ ಇಮ್ತಿಯಾಜ್. "ಅವರು ಇಳಿಸು ಅಂದ್ರು, ಇಳಿಸಿದೆ. ಕಾನೂನು ಮುರೀಬೇಕಂತ ಬಂದಾಂವ ಅಲ್ರಿ ನಾ. ಪರವಾನಗಿ ಕೇಳಿದ್ರ ಮಳಿ ಬರೂದ್ರಾಗ ಸಿಗಂಗಿಲ್ಲ ಅಂತ ಗೊತ್ತಿತ್ತು."

ನಾನು ಪ್ರಕರಣ ದಾಖಲಿಸಿದೆ. ಪಂಚರ ಎದುರು ಡ್ರೋನ್, ರಿಮೋಟ್, ಮೆಮೊರಿ ಕಾರ್ಡ್ ಜಪ್ತಿಮಾಡಿ ಮೊಹರು ಹಾಕಿಸಿದೆ. ಮೆಹಬೂಬಿ ಪಕ್ಕದ ಬೆಂಚಿನ ಮೇಲೆ ಕುಳಿತು ಅರಗು ಕರಗುವುದನ್ನು ನೋಡುತ್ತಿದ್ದರು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಬೇಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಇಮ್ತಿಯಾಜ್‌ನನ್ನು ಜಾಮೀನಿನ ಮೇಲೆ ಬಿಟ್ಟೆ. ವಿಧಿವತ್ತಾಗಿ ಅನುಮತಿಗೆ ಅರ್ಜಿ ಹಾಕುವುದು ಹೇಗೆಂದು ತಿಳಿಸಿ, ಅವನು ಬರೆದುಕೊಟ್ಟ ಅರ್ಜಿಯೊಂದಿಗೆ ನನ್ನ ಅಭಿಪ್ರಾಯವನ್ನೂ ಬರೆದು ಮೇಲಕ್ಕೆ ಕಳಿಸಿದೆ.

ಅವರು ಹೊರಡುವಾಗ ಮೆಹಬೂಬಿ ಬಾಗಿಲಲ್ಲಿ ನಿಂತರು. "ಬಾಯಾರ, ನಿಮ್ಮನ್ನ ಅಲ್ಲಿ ಬಿಡ್ತಾರೇನ್ರಿ?"

"ಬಿಡ್ತಾರ, ಅಮ್ಮಾ. ತನಿಖಿಗೆ ಹೋಗಬೇಕು."

"ಹಂಗಾದ್ರ ಅಕಿನ ಕಲ್ಲು ನೋಡಿ ಬರ್ರಿ. ನಿಂತಾವೋ, ಬಿದ್ದಾವೋ ಅಷ್ಟ ಹೇಳ್ರಿ."

ಡ್ರೋನ್ ಎಲ್ಲಿಯವರೆಗೆ ಹೋಗಿತ್ತು, ಅಲ್ಲಿಂದ ಏನು ಕಾಣುತ್ತದೆ ಎಂದು ನಾನು ವರದಿ ಬರೆಯಬೇಕಿತ್ತು. ಎರಡು ದಿನ ಬಿಟ್ಟು ಒಬ್ಬ ಕಾನ್‌ಸ್ಟೇಬಲ್, ಒಬ್ಬ ಕಾವಲುಗಾರನ ಜೊತೆ ದಂಡೆಗೆ ಇಳಿದೆ. ಅಂದು ಡ್ರೋನ್ ಇಳಿಸೆಂದು ಕೂಗಿದವನೇ ಆ ಕಾವಲುಗಾರ. ದಾರಿಯಲ್ಲಿ ಅವನಿಗೆ ಕಾರಣ ಹೇಳಿದೆ. ಅವನು, "ಮ್ಯಾಲಿಂದ ನೋಡಿದ್ರ ಯಾರು ಯಾಕ ಬಂದಾರಂತ ಹೆಂಗ ಗೊತ್ತಾಗ್ಬೇಕ್ರಿ ನಮಗ?" ಎಂದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಬಾವಿಯವರೆಗೆ ಹೇಗೋ ತಲುಪಿದೆವು. ಅಲ್ಲಿಂದ ಮುಂದೆ ಹೂಳು ಮೊಣಕಾಲು ಮುಟ್ಟಿತು. ಕಾವಲುಗಾರನ ದುರ್ಬೀನು ಇಸಿದುಕೊಂಡು ಆಚೆಯ ಇಳಿಜಾರನ್ನು ಮೂಲೆಮೂಲೆ ಬಿಡದೆ ನೋಡಿದೆ. ಕಲ್ಲಿರಲಿಲ್ಲ. ಗೋರಿಗಳ ಗುರುತೂ ಇರಲಿಲ್ಲ. ಇಳಿಜಾರಿಗೆ ಇಳಿಜಾರೇ ನುಣ್ಣನೆಯ ಬೂದು ಮಣ್ಣು, ಮೇಲೆ ಹಕ್ಕಿಗಳ ಹೆಜ್ಜೆ. ಕಾವಲುಗಾರ ಒಂದು ಉದ್ದನೆಯ ಕೋಲು ತಂದು, ಮುಂದೆ ಬಾಗಿ ಅಲ್ಲಲ್ಲಿ ಊರಿ ನೋಡಿದ. ಅದು ಎಲ್ಲಿಯೂ ಕಲ್ಲಿಗೆ ತಾಗಲಿಲ್ಲ. ಕೊನೆಗೆ ನಾನೇ ಸಾಕೆಂದೆ.

ದಾಂಡೇಲಿಗೆ ಹೋಗುವಾಗ ಜೀಪಿನಲ್ಲಿ ನನಗೆ ಒಂದೇ ಯೋಚನೆ. ಎರಡೂ ಕಲ್ಲು ನಿಂತಿವೆ ಎಂದುಬಿಟ್ಟರೆ ಯಾರಿಗೇನು ನಷ್ಟ? ಬಾಗಿಲು ತೆರೆದದ್ದು ಇಮ್ತಿಯಾಜ್. ಮೆಹಬೂಬಿ ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದರು. ನನ್ನನ್ನು ಕಂಡು ಮಗನ ಕೈ ಹಿಡಿದು ಎದ್ದು ಕುಳಿತರು, ಸೆರಗು ತಲೆಯ ಮೇಲೆ ಎಳೆದುಕೊಂಡರು. ಆ ಮುಖದೆದುರು ನನಗೆ ಸುಳ್ಳು ಬರಲಿಲ್ಲ.

"ಅಮ್ಮಾ, ಬಾವಿ ಐತಿ. ಆಚೆ ಕಡೆ ಪೂರಾ ಹೂಳು ತುಂಬೇತಿ. ಕಲ್ಲು ಕಾಣಲಿಲ್ಲ."

"ಬಹಳ ತುಂಬೇತೇನ್ರಿ?"

"ಬಹಳ. ಕೋಲು ಊರಿದ್ರೂ ತಳಾ ಸಿಗಲಿಲ್ಲ."

ಅವರು ತಲೆ ತಗ್ಗಿಸಿದರು. ಇಮ್ತಿಯಾಜ್ ಗೋಡೆಯ ಕಡೆ ತಿರುಗಿ ನಿಂತ. ಮೆಹಬೂಬಿ, ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು:

"ಅಂದ್ರ ಮಣ್ಣು ಹೊದ್ದು ಮಲಗ್ಯಾಳ. ಇಷ್ಟು ವರ್ಷ ನೀರಾಗ ಅದಾಳಂತ ತಿಳಿದಿದ್ನಿ, ಬಾಯಾರ. ಮಳಿಗಾಲ ಬಂದ್ರ ಸಾಕು, ಕೂಸಿಗೆ ಥಂಡಿ ಆಗ್ತದಂತ ಜೀವ ಹಾರ್ತಿತ್ತು. ಮಣ್ಣಾಗ ಅದಾಳಂದ್ರ ಅಕಿನ್ನ ನೀರು ಮುಟ್ಟಿಲ್ಲ."

ನಾನು ಎದ್ದು ಹೊರಗೆ ಬಂದೆ. ಸಮವಸ್ತ್ರದಲ್ಲಿದ್ದಾಗ ನಾನು ಅತ್ತದ್ದು ಕಡಿಮೆ.

ಮುಂದೆ ಮಳೆ ಹಿಡಿಯಿತು, ನೀರು ಏರಿತು. ನ್ಯಾಯಾಲಯ ದಂಡ ಹಾಕಿ ಡ್ರೋನ್ ಮರಳಿಸಲು ಆದೇಶಿಸಿತು. ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಆ ಇಳಿಜಾರಿನ ಮೇಲೆ ಆಳದ ನೀರಿತ್ತು. ನಿರಾಕರಣೆಯಲ್ಲ, ಇನ್ನಷ್ಟು ವಿವರ ಕೇಳಿದ್ದರು. ಚಳಿಗಾಲದಲ್ಲಿ ಮೆಹಬೂಬಿ ತೀರಿಕೊಂಡರು. ನಲವತ್ತು ದಿನ ಕಳೆದ ಮೇಲೆ ಇಮ್ತಿಯಾಜ್ ಠಾಣೆಗೆ ಬಂದ.

"ಆ ಅರ್ಜಿ ವಾಪಸ್ ತಗೋಬೇಕಂತ ಬಂದಿದ್ನಿ, ಮೇಡಮ್ಮರ. ಬಂದು ನಿಂತ ಮ್ಯಾಲೆ ಮನಸ್ಸಾಗವಲ್ದು. ನಾ ಅಕಿನ್ನ ನೋಡಿಲ್ಲ. ಆದ್ರೂ ಅಕ್ಕ ಅಲ್ರಿ?"

ಇರಲಿ ಬಿಡು ಎಂದೆ. ಕೇಳಿದ್ದ ವಿವರ ತುಂಬಲು ಅವನ ಜೊತೆ ಕುಳಿತೆ. ಯಾವ ಕಾರಣಕ್ಕೆ ಹಾರಾಟ ಎಂಬಲ್ಲಿ ಅವನು ಬಹಳ ಹೊತ್ತು ಪೆನ್ನು ಹಿಡಿದು ಕೂತ. ಕೊನೆಗೆ "ಅಕ್ಕನನ್ನು ಕಾಣಲು" ಎಂದು ಬರೆದ. ಅದನ್ನು ತಿದ್ದು ಎಂದು ನಾನು ಹೇಳಲಿಲ್ಲ. ನಾನು ನಿವೃತ್ತಳಾಗುವವರೆಗೆ ಆ ಅರ್ಜಿಗೆ ಮತ್ತೆ ಉತ್ತರ ಬಂದಿರಲಿಲ್ಲ.

ಈಗ ತರಬೇತಿಯ ಹೊಸ ಹುಡುಗಿಯರು ಅನುಭವ ಹೇಳಿ ಎಂದಾಗ ಈ ಪ್ರಕರಣವನ್ನೇ ಹೇಳುತ್ತೇನೆ. ಕೂಡದು ಎನ್ನುವುದು ನಮ್ಮ ಕೆಲಸ, ಅನ್ನಲೇಬೇಕು. ಆದರೆ ಒಬ್ಬರಿಗೆ ನೋಡಕೂಡದು ಎಂದ ಮೇಲೆ, ಅವರ ಪರವಾಗಿ ನಾವಾದರೂ ಕೆಸರಿಗಿಳಿದು ನೋಡಿಬರಬೇಕು. ಕಂಡದ್ದನ್ನು ಇದ್ದ ಹಾಗೆ ಹೇಳಬೇಕು. ಅದರಲ್ಲಿ ಸಮಾಧಾನವಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ನಮ್ಮದಲ್ಲ.