ಜಂಬಕ್ಕ ಮಗಳ ಜವಳ ಮಾಡಿಸಿದ್ದು

ಐವತ್ತೆರಡನೇ ಇಸವಿಯಲ್ಲಿ ದಢೇಸುಗೂರಿನ ಕಡೆ ಕಾಲುವೆ ಅಗೆಯುವ ಕೆಲಸದಲ್ಲಿ ನಾನು ಹಾಜರಿ ಕಾರಕೂನ. ನಾನು ಹೆಸರು ಕೂಗಿದರೆ ಇನ್ನೂರು ಕೂಲಿಯವರು "ಹಾಜರ್ ರೀ" ಅನ್ನುತ್ತಿದ್ದರು. ಅದೇ ಗತ್ತಿನಲ್ಲಿ ಮಸ್ಕಿಗೆ, ಅಕ್ಕ ಜಂಬಮ್ಮನ ಮನೆಗೆ ಹೋದರೆ, ಎರಡು ಮೊಳದ ಒಂದು ಜೀವ ಹೊಸ್ತಿಲಲ್ಲೇ ತಡೆದು, "ಮಾವ, ಹೊರಗ ಹೋಗು. ನಾ ಕರದ ಮ್ಯಾಲ ಬಾ" ಅನ್ನುತ್ತಿತ್ತು. ಹೋಗುತ್ತಿದ್ದೆ. ಕರೆದ ಮೇಲೆ ಬರುತ್ತಿದ್ದೆ.

ಅದು ಅಕ್ಕನ ಮಗಳು ಪಂಪಿ. ಒಮ್ಮೆ ಲಿಂಗಸುಗೂರಿನ ಬಸ್ಸಿಗೆ ಕಂಡಕ್ಟರ್ ಶಾವಲಿ ಅವಸರಕ್ಕೆ ಅವಳನ್ನು ಎತ್ತಿ ಒಳಗಿಟ್ಟ. ಅವಳು ಮಂದಿಯ ಕಾಲು ತುಳಿಯುತ್ತ ಕೆಳಗಿಳಿದು, ಒಂದೊಂದೇ ಮೆಟ್ಟಿಲು ಹಿಡಿದು ತಾನೇ ಮತ್ತೆ ಹತ್ತಿದಳು. ಬಸ್ಸು ಕಾಯಿತು. "ಜಂಬಮ್ಮಾರ, ಇಕಿ ಹುಟ್ಟೂದು ತಡ ಆತು ನೋಡ್ರಿ. ನಿಜಾಮರ ಕಾಲದಾಗ ದಿವಾನಗಿರಿ ಸಿಗ್ತಿತ್ತು" ಅಂದ ಶಾವಲಿ.

"ಎರಡು ಬಿಗಿಯಬೇ, ನೆಟ್ಟಗಾಗ್ತಾಳ" ಅನ್ನುತ್ತಿದ್ದರು ಓಣಿಯ ಹೆಂಗಸರು. ಅಕ್ಕ ಬಿಗಿಯಲಿಲ್ಲ. ದೊಡ್ಡವರ ಜೊತೆ ಮಾಡುವಂತೆ ಮಗಳ ಜೊತೆ ಶರ್ತು ಮಾಡುತ್ತಿದ್ದಳು. ರೊಟ್ಟಿ ತಿಂದರೆ ಬಾವಿಗೆ ಕರೆದೊಯ್ಯುತ್ತೇನೆ ಅಂದಿದ್ದರೆ, ಒಲೆಯ ಮೇಲೆ ಬೇಳೆ ಹೊತ್ತುತ್ತಿದ್ದರೂ ಹೋಗುತ್ತಿದ್ದಳು. ಅವಳ ಗಂಡ ಇಂಥ ಹೊತ್ತಿಗೆಲ್ಲ ಅಂಗಡಿಯಲ್ಲಿ ಏನಾದರೊಂದು ಕೆಲಸ ಕಂಡುಕೊಳ್ಳುವವನು.

ಆ ಸಲದ ತಂಟೆ ಜವಳದ್ದು. ಮೊದಲ ಕೂದಲು ಮೂರನೇ ವರ್ಷ ಮುಗಿಯುವುದರೊಳಗೆ ತೆಗೆಸಬೇಕು, ತಪ್ಪಿದರೆ ಐದಕ್ಕೇ. ಉಳಿದದ್ದು ನಾಲ್ಕು ದಿನ. ಪಂಪಿ "ನನ್ನ ಕೂದಲ ನನ್ನವು" ಅಂದವಳು ಜಗ್ಗಲಿಲ್ಲ. ಅಕ್ಕನ ಅತ್ತೆ ಪಾರ್ವತೆಮ್ಮ ಹುಕುಂ ಹೊರಡಿಸಿದರು: "ಸೋಮವಾರ ಗುಡ್ಡದ ಮಲ್ಲಯ್ಯನ ಮುಂದ ಕುಂದರಬೇಕು. ಇಲ್ಲಂದ್ರ ಕೈಕಾಲು ನಾ ಹಿಡಿತೀನಿ."

"ತಮ್ಮಾ, ಯಾರೂ ಹಿಡಿಯಂಗಿಲ್ಲ ಅಂತ ಕೂಸಿಗೆ ಮಾತು ಕೊಟ್ಟೀನಿ. ಹಿಡಿದು ಬೋಳಿಸಿದ್ರ ಇನ್ನ ಅದು ನನ್ನ ನಂಬಂಗಿಲ್ಲ" ಅಂದಳು ಅಕ್ಕ.

"ನಾ ಅದೀನಲ್ಲ" ಅಂದೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆ ಕತ್ತರಿಸುವವನು ಸೋದರಮಾವ. ಇನ್ನೂರು ಮಂದಿಯ ಹಾಜರಿ ಹಿಡಿಯುವವನಿಗೆ ಇದ್ಯಾವ ಲೆಕ್ಕ?

ಸೋಮವಾರ ಗುಡ್ಡ ಹತ್ತಿದೆವು. ಹಡಪದ ಗಿಡ್ಡಪ್ಪ ಕ್ಷೌರದ ಪೆಟ್ಟಿಗೆ ಬಿಚ್ಚಿದ. ನಾನು ತೊಡೆ ತಟ್ಟಿ, "ಬಾ ಬಂಗಾರ" ಅಂದೆ. ಪಂಪಿ ನನ್ನ ತಲೆಯನ್ನೇ ನೋಡಿದಳು. ಸಿಂಧನೂರಿನಲ್ಲಿ ಹೊಸದಾಗಿ ಬಿಡಿಸಿದ ಕ್ರಾಪು, ಅದಕ್ಕೆ ಘಮಘಮ ಎಣ್ಣೆ. ಹೆಣ್ಣಿನ ಮನೆಯವರಿಗೆ ತೋರಿಸಲು ನನ್ನಲ್ಲಿ ಬೇರೆ ಆಸ್ತಿ ಇರಲಿಲ್ಲ.

"ಮೊದ್ಲ ಮಾವಂದು. ಆಮ್ಯಾಲ ನಂದು" ಅಂದಳು.

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ಅಕ್ಕಾ, ಇದು ಆಟದ ಮಾತು..."

"ಆಕಿ ಆಟ ಆಡಾಕತ್ತಿಲ್ಲ" ಅಂದಳು ಅಕ್ಕ.

ಗಿಡ್ಡಪ್ಪ ಆಗಲೇ ಕತ್ತಿ ಮಸೆಯುತ್ತ ನನ್ನನ್ನು ಕರೆದ. "ಬಾ ಮರಿಸ್ವಾಮಿ, ಬಾಳ ಹೊತ್ತು ಹಿಡಿಯಂಗಿಲ್ಲ. ಕೂದಲಕಿಂತ ಎಣ್ಣಿನೇ ಜಾಸ್ತಿ ಐತಿ."

ಕುಳಿತೆ. "ಹಂಗಲ್ಲ! ನನ್ನ ತೊಡಿ ಮ್ಯಾಲ!" ಎಂದು ಚೀರಿದಳು ಪಂಪಿ. ಪದ್ಧತಿ ಅಂದರೆ ಪದ್ಧತಿ. ನಾನು ಬಂಡೆಯ ಮೇಲೆ ಬೋರಲು ಮಲಗಿ, ಗಂಗಾಳದಷ್ಟು ಅಗಲದ ಆ ತೊಡೆಯ ಮೇಲೆ ತಲೆಯಿಟ್ಟೆ. ಅಕ್ಕ ಕತ್ತರಿ ಹಿಡಿದಳು, ಪಂಪಿ ಅದರ ಮೇಲೆ ಕೈಯಿಟ್ಟು ಒತ್ತಿದಳು. ಕಚಕ್! ಅವಳ ನಗು ಕೇಳಿ ಗುಡಿಯ ಪೂಜಾರಿ ಗಂಟೆ ಬಿಟ್ಟು ಹೊರಗೆ ಬಂದ. ಉಳಿದದ್ದನ್ನು ಗಿಡ್ಡಪ್ಪ ಕೆರೆದು ಮುಗಿಸಿದ.

"ಮಾವನ ತಲಿ ಬದನಿಕಾಯಿ!"

"ಆತು, ಈಗ ನಿಂದು" ಅಂದೆ.

ಪಂಪಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಬ್ಯಾಡ."

ನಾನು ನನ್ನ ಬೋಳು ತಲೆ ಮುಟ್ಟಿಕೊಂಡೆ. ಪಾರ್ವತೆಮ್ಮ ಸೆರಗು ಸಿಗಿಸಿ ಮುಂದೆ ಬಂದರು. ಅಕ್ಕ ನಡುವೆ ನಿಂತಳು. ಆ ಮನೆ ಸೇರಿದ ಐದು ವರ್ಷದಲ್ಲಿ ಅವಳು ಅತ್ತೆಗೆ "ಹೂಂ ರೀ" ಬಿಟ್ಟು ಬೇರೆ ಅಂದದ್ದನ್ನು ನಾನು ಕೇಳಿರಲಿಲ್ಲ.

"ಮುಟ್ಟಬ್ಯಾಡ್ರಿ ಅತ್ತಿ. ಆಕಿ ಮಾತು ಕೊಟ್ಟಾಳ."

"ಮೂರು ವರ್ಷದ ಕೂಸಿಂದು ಎಂಥಾ ಮಾತಬೇ?"

"ಮಾತಂದ್ರ ಮಾತು ರೀ."

ಅಷ್ಟು ಹೇಳಿ ಮಗಳ ಎದುರು ಕುಳಿತಳು. ಬೈಯಲಿಲ್ಲ, ಪುಸಲಾಯಿಸಲಿಲ್ಲ. ಗಿಡ್ಡಪ್ಪ ಅರ್ಧ ಬೀಡಿ ಸೇದಿದ. ಅಕ್ಕನ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು.

ಕೊನೆಗೆ ಪಂಪಿ ಬಂದು ನನ್ನ ಬೋಳು ಸವರಿದಳು. "ನೋವಾತೇನು?"

"ಇಲ್ಲವ್ವಾ. ತಣ್ಣಗ ಐತಿ."

ಸ್ವಲ್ಪ ಯೋಚಿಸಿದಳು. ಆಮೇಲೆ ನನ್ನ ತೊಡೆ ಹತ್ತತೊಡಗಿದಳು. ಆಸರೆಗೆ ಕೈ ಕೊಡಹೋದೆ, ಗುರಾಯಿಸಿದಳು, ಕೈ ಹಿಂದಕ್ಕೆ ತೆಗೆದೆ. ತಾನೇ ಹತ್ತಿ, ಕುದುರೆ ಏರಿದವಳಂತೆ ಕಾಲು ಒತ್ತಿ ಕುಳಿತು, "ಗಿಡ್ಡಪ್ಪಾ, ಸಾವಕಾಶ" ಅಂದಳು.

ಅಕ್ಕ ಮುಖಕ್ಕೆ ಸೆರಗು ಒತ್ತಿಕೊಂಡು ಆ ಕಡೆ ತಿರುಗಿದಳು. ಅಳುತ್ತಿದ್ದಾಳೆ ಅಂದುಕೊಂಡೆ. ನನ್ನ ಬೋಳು ತಲೆ, ಮಗಳ ಗತ್ತು ಒಟ್ಟಿಗೆ ನೋಡಲಾರದೆ ನಗುತ್ತಿದ್ದಳು.

ಜವಳ ಮುಗಿಯಿತು. ಪಂಪಿ ಎರಡೂ ಕೈಯಿಂದ ತಲೆ ತಡವಿಕೊಂಡು ಸುತ್ತ ನೋಡಿದಳು.

"ಇನ್ನ ಅಜ್ಜಿ ಪಾಳಿ."

ಪಾರ್ವತೆಮ್ಮ ಕಿವಿಯವರೆಗೆ ಸೆರಗು ಎಳೆದುಕೊಂಡು ದಡದಡ ಮೆಟ್ಟಿಲಿಳಿದರು. "ನಿಲ್ಲಬೇ ಅಜ್ಜಿ!" ಎಂದು ಪಂಪಿ ಬೆನ್ನು ಹತ್ತಿದಳು.

"ಪಂಪೀ," ಅಕ್ಕ ಮೇಲಿನಿಂದ ಕೂಗಿದಳು, "ಅಜ್ಜಿ ಮಾತು ಕೊಟ್ಟಿಲ್ಲ!"

ಪಂಪಿ ಅರ್ಧ ಮೆಟ್ಟಿಲಲ್ಲಿ ನಿಂತಳು. "ಹೌದಲ್ಲ" ಅಂದು ಬಿಟ್ಟುಕೊಟ್ಟಳು. ಪಾರ್ವತೆಮ್ಮ ಮಾತ್ರ ಮನೆ ಮುಟ್ಟುವವರೆಗೆ ಸೆರಗು ಸಡಿಲಿಸಲಿಲ್ಲ.